ಎರಡು ಬಾಟಲಿಯ ಸುಳಿಗಾಳಿ

ನರಗುಂದದ ಬಯಲು,
ಫೆಬ್ರವರಿ ೩೦, ೨೨೧೪

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ ಮಹಾನಂದಾಳ ನಮಸ್ಕಾರ. ಇಂಥ ತಾರೀಖು ನಿಮ್ಮಲ್ಲಿಲ್ಲವೆಂದು ಬಲ್ಲೆ, ನಮ್ಮಲ್ಲಿದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಬೇಕು.

ನಾವು ನೆಲಮನೆಗಳಲ್ಲಿರುತ್ತೇವೆ. ಅಂದರೆ ಕರಿಮಣ್ಣಿನೊಳಗೆ ಹನ್ನೆರಡು ಮೆಟ್ಟಿಲು ಇಳಿದು ಸೇರುವ ಮನೆ. ಅಡುಗೆ, ನಿದ್ದೆ, ಪಾಠ ಎಲ್ಲ ಕೆಳಗೆ. ಬಟ್ಟೆ ಒಣಗಿಸುವುದು ಮಾತ್ರ ಮೇಲೆ. ವರ್ಷಕ್ಕೆ ಏಳೆಂಟು ಸಲ ಸುಳಿಗಾಳಿ ಬರುತ್ತದೆ. ಸೈರನ್ ಕೂಗಿದ ಮೇಲೆ ನೂರು ಎಣಿಸಿ ಬಾಗಿಲು ಹಾಕಬೇಕು. ತಡವಾದರೆ ಗಾಳಿ ಒಳಗಿದ್ದವರನ್ನೂ ಎಳೆದೊಯ್ಯುತ್ತದೆ. ಸಂಕ್ರಾಂತಿ ಕಳೆದ ವಾರ ನನ್ನ ತಂಗಿ ಶಶಿಕಲಾ ಬಟ್ಟೆ ತರಲು ಮೇಲೆ ಹೋಗಿದ್ದಳು. ನಾನು ನೂರು ಎಣಿಸಿದೆ. ಇನ್ನೂ ಇಪ್ಪತ್ತು ಎಣಿಸಿದೆ. ಬಾಗಿಲು ಹಾಕಿದೆ. ಆಮೇಲೆ ಅವಳು ಸಿಗಲಿಲ್ಲ.

ಅವಳ ಮಗಳು ತ್ರಿವೇಣಿಗೆ ಒಂಬತ್ತು ವರ್ಷ. ಆಗ ಒಳಕೋಣೆಯಲ್ಲಿದ್ದಳು. ಅಂದಿನಿಂದ ಮಾತು ಬಿಟ್ಟಳು. ನನಗೂ ಅಳು ಬರಲಿಲ್ಲ. ರೊಟ್ಟಿ ಬಡಿದೆ, ಪಾತ್ರೆ ತೊಳೆದೆ, ಅವಳ ಜಡೆ ಹೆಣೆದೆ. ನಲವತ್ತನೆಯ ದಿನ ಊಟದ ನಡುವೆ ಅವಳೇ ಕೇಳಿದಳು.

"ದೊಡ್ಡವ್ವಾ, ಆ ಗಾಳಿ ಹೆಂಗ ತಿರಗತೈತಿ?"

ನೆಲ ಅಗೆದಾಗ ನಿಮ್ಮ ಕಾಲದ ಪ್ಲಾಸ್ಟಿಕ್ ಬಾಟಲಿಗಳು ನಮಗೆ ಈಗಲೂ ಸಿಗುತ್ತವೆ. ಎರಡನ್ನು ತೊಳೆದೆ. ಒಂದರಲ್ಲಿ ಮುಕ್ಕಾಲು ನೀರು ತುಂಬಿದೆ. ಎರಡೂ ಮುಚ್ಚಳಕ್ಕೆ ತೂತು ಕೊರೆದು, ಬಾಯಿಗೆ ಬಾಯಿ ಕೂಡಿಸಿ ಟೇಪು ಸುತ್ತಿದೆ. ತಲೆಕೆಳಗು ಹಿಡಿದಾಗ ನೀರು ಗುಳುಗುಳು ಎಂದು ತಡೆತಡೆದು ಇಳಿಯಿತು. ಬಾಟಲಿಯನ್ನು ಗರಗರ ಆಡಿಸಿದೆ. ನೀರು ಸುತ್ತತೊಡಗಿತು, ನಡುವೆ ಸಣ್ಣ ಕೊಳವೆಯಂಥ ಸುಳಿ ನಿಂತಿತು.

"ನಡುವ ಏನೈತಿ?"

"ಬರೇ ಗಾಳಿ. ಅದು ಮ್ಯಾಲೇರತೈತಿ, ನೀರು ಸುತ್ತ ಇಳೀತೈತಿ."

ಅವಳು ಕೊನೆಯ ಹನಿ ಇಳಿಯುವವರೆಗೆ ನೋಡಿದಳು.

"ಅವತ್ತು ಬಾಗಲಾ ಯಾರು ಹಾಕಿದ್ರು?"

"ನಾನೇ ಹಾಕಿದೆ."

"ಅವ್ವ ಬಡಿದಳೇನು?"

"ಗಾಳಿ ಸಪ್ಪಳದಾಗ ಏನೂ ಕೇಳಸಲಿಲ್ಲ. ಬಡಿದಿದ್ರೂ ಬಡಿದಿರಬೇಕು."

ಇದನ್ನು ನಾನು ಯಾರ ಮುಂದೆಯೂ ಹೇಳಿರಲಿಲ್ಲ. ಅವಳು ಅಳಲಿಲ್ಲ, ಎದ್ದು ಹೋಗಲೂ ಇಲ್ಲ. ಬಾಟಲಿಯನ್ನು ತಲೆಕೆಳಗು ಮಾಡಿ ಆಡಿಸಲು ನೋಡಿದಳು. ಅವಳ ಕೈಗೆ ಅದು ಭಾರವಾಯಿತು. ಇನ್ನೊಂದು ಬದಿಯನ್ನು ನನ್ನತ್ತ ಚಾಚಿ, "ನೀನೂ ಹಿಡಿ," ಎಂದಳು. ಹಿಡಿದೆ.

ನಿಮ್ಮಲ್ಲಿ ಒಂದು ಬಿನ್ನಹ. ಮನೆಯ ಮಕ್ಕಳಿಗೆ ಹೇಳಬೇಕಾದದ್ದು ಏನಾದರೂ ಇದ್ದರೆ, ಅವರಾಗಿ ಕೇಳಲಿ ಎಂದು ಕಾಯಬೇಡಿ. ನಾನು ನಲವತ್ತು ದಿನ ಕಾದೆ.