ಅಜ್ಜಿಯ ನಲವತ್ತು ಸೆಕೆಂಡು

ಕುಮಾಸಿ,
ಭಾನುವಾರ, ಆಗಸ್ಟ್ 9

ಪ್ರೀತಿಯ ಬೆಡಿಯಾಕೊ ಅಣ್ಣಾ,

ಹೇಗಿದ್ದೀಯ? ಹಡಗಿನಲ್ಲಿ ವಾಂತಿ ನಿಂತಿತೇ? ಬೆನ್ನಿಗೆ ಹಚ್ಚಿಕೊಳ್ಳಲು ಶಿಯಾ ಬೆಣ್ಣೆ ಕಳಿಸಿದ್ದೇನೆ. ಮೂರು ತಿಂಗಳಿಂದ ನಿನ್ನ ಫೋನ್ ಸಿಗುತ್ತಿಲ್ಲ. ತೆಮಾ ಬಂದರಿನಿಂದ ನಿಮ್ಮ ಮೀನುಹಡಗಿಗೆ ಹೊರಟಿರುವ ಒಬ್ಬನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ.

ಅಜ್ಜಿ ಜುಲೈ ಆರರಂದು ತೀರಿಕೊಂಡಳು. ಮೆತ್ತಗೆ ಹೇಳುವುದು ನನಗೆ ಬರುವುದಿಲ್ಲ, ನಿನಗೆ ಗೊತ್ತು. ಹಿಂದಿನ ದಿನ ಚಿಕ್ಕಮ್ಮ ಔಷಧಿ ತರಲು ಹೋಗಿದ್ದಳು. ಹಿರಿಯರು ಯಾರೂ ಹತ್ತಿರವಿರಲಿಲ್ಲ. ಅಜ್ಯೆಮಾನ್ ಮಾವ ಫೋನಿನಲ್ಲಿ, "ರಸ್ತೆ ಕಡೆ ಕೋಣೆ ಯಾರಿಗೆ ಅಂತ ಕೇಳು, ರೆಕಾರ್ಡ್ ಮಾಡ್ಕೊ. ಸಾಯೋರ ಮಾತು ಮನೇಲಿ ಯಾರೂ ಮೀರಲ್ಲ" ಎಂದ. ಕೇಳಿದೆ. ಅಜ್ಜಿ ಕೆಮ್ಮಿದಳು. ಆಮೇಲೆ ನಲವತ್ತು ಸೆಕೆಂಡು ಸುಮ್ಮನಿದ್ದಳು. ಆಮೇಲೆ ನಿನ್ನ ಹೆಸರು ಕರೆದಳು.

ಎಂಟನೇ ದಿನಕ್ಕೆ ಮನೆಯವರೆಲ್ಲ ಸೇರುವವರಿದ್ದರು. "ಕೆಮ್ಮು ತೆಗಿಯಮ್ಮ, ಮುದುಕಿಗೆ ಮರ್ಯಾದೆ ಇರ್ಲಿ" ಎಂದ ಮಾವ. ಸ್ಟುಡಿಯೋದಲ್ಲಿ ಸಾಬೂನಿನ ಜಾಹೀರಾತಿಗೆ ಮಾಡುವಂತೆಯೇ ಮಾಡಿದೆ. ಕೆಮ್ಮು ಕತ್ತರಿಸಿದೆ, ಮೌನ ಕತ್ತರಿಸಿದೆ, ಉಳಿದ ತುಣುಕುಗಳನ್ನು ಒಂದಕ್ಕೊಂದು ತಾಗಿಸಿ ಒಂದೇ ತುಂಡಾಗಿ ಜೋಡಿಸಿದೆ. ಹಾಗೆ ಜೋಡಿಸಿದ ಮೇಲೆ ಕಂಪ್ಯೂಟರ್ ಪರದೆಯ ಮೇಲೆ ಸಂದಿಯ ಗೆರೆಯೂ ಉಳಿಯುವುದಿಲ್ಲ. ಕೇಳಿದರೆ, ನನ್ನ ಪ್ರಶ್ನೆ ಮುಗಿದ ಕೂಡಲೇ ಅಜ್ಜಿ "ಬೆಡಿಯಾಕೊ" ಎನ್ನುತ್ತಾಳೆ. ನಾನು ಒಂದು ಮಾತನ್ನೂ ಸೇರಿಸಿಲ್ಲ, ಆದರೂ ಅದು ಸುಳ್ಳು. ಗೊತ್ತಾಗದೆ ಆಯಿತು ಎಂದು ಮೊದಲು ಬರೆದಿದ್ದೆ, ಹೊಡೆದುಹಾಕಿದೆ. ಎರಡನೇ ಸಲ ಕೇಳಿದಾಗಲೇ ಗೊತ್ತಾಗಿತ್ತು. ಕೋಣೆ ನಿನ್ನದಾದರೆ ನೀನು ಊರಿಗೆ ಬರುತ್ತೀಯೆಂದು ಹಾಗೆಯೇ ಬಿಟ್ಟೆ.

ಎಂಟನೇ ದಿನ ಅದನ್ನು ಕೇಳಿಸಿದಾಗ ಎಲ್ಲರೂ ಒಪ್ಪಿ ತಲೆಯಾಡಿಸಿದರು. ಆರು ವರ್ಷ ಅಜ್ಜಿಯ ಮೈ ತೊಳೆದ ಪೊಕುವಾ ಚಿಕ್ಕಮ್ಮ, ಆ ಕೋಣೆಯಲ್ಲೇ ಬಟ್ಟೆ ಹೊಲಿದು ಬದುಕುವವಳು, ಎದ್ದು ಬಂದವರ ಲೋಟಗಳನ್ನು ಎತ್ತಿದಳು. ಎಲ್ಲರೂ ಹೋದ ಮೇಲೆ, "ಸ್ಕೂಲು ಬಿಟ್ಟೋಳು ಏನು ಮಾಡ್ತಾಳೆ ಅಂತಿದ್ದೆ ಕಣೇ. ನನ್ನ ಮಷೀನು ಬೀದಿಗೆ ಹಾಕ್ಸಿದೆ ನೋಡು" ಎಂದಳು. ನಗುತ್ತಲೇ ಅಂದಳು. ನಲವತ್ತನೇ ದಿನದೊಳಗೆ ಅವಳು ಖಾಲಿ ಮಾಡಬೇಕು.

ಅಂದಿನಿಂದ ಯಾವ ಜಾಹೀರಾತು ಜೋಡಿಸಿದರೂ ಪ್ರತಿ ಸಂದಿಯಲ್ಲಿ ಅಜ್ಜಿ ಉಸಿರು ಎಳೆದುಕೊಳ್ಳುವುದು ಕೇಳುತ್ತದೆ. ಹೆಡ್‌ಫೋನ್ ತೆಗೆದರೂ ಕೇಳುತ್ತದೆ. ಬಸ್ಸಿನಲ್ಲಿ ಇಬ್ಬರು ಮಾತು ನಿಲ್ಲಿಸಿದರೆ ಸಾಕು, ನಾನು ನಲವತ್ತರವರೆಗೆ ಎಣಿಸಲು ಶುರುಮಾಡುತ್ತೇನೆ.

ಮೊದಲಿನ ರೆಕಾರ್ಡಿಂಗ್ ನನ್ನ ಫೋನಿನಲ್ಲಿ ಹಾಗೆಯೇ ಇದೆ. ಶನಿವಾರ, ನಲವತ್ತನೇ ದಿನದ ಕಾರ್ಯದಲ್ಲಿ, ಅದನ್ನು ಪೂರ್ತಿ ಕೇಳಿಸುತ್ತೇನೆ. ಕೋಣೆ ನಿನ್ನ ಕೈತಪ್ಪುತ್ತದೆ. ಬಯ್ಯಬೇಕೆನಿಸಿದರೆ ಬಯ್ಯಿ, ನನ್ನ ಮನಸ್ಸು ಮಾತ್ರ ಬದಲಾಗುವುದಿಲ್ಲ.

ನೀನು ಹೇಗಿದ್ದೀಯೆಂದು ಚಿಕ್ಕಮ್ಮ ಕೇಳಿದಳು. ಸಿಟ್ಟಿನಲ್ಲೇ ಕೇಳಿದಳು, ಆದರೂ ಕೇಳಿದಳು. ದೇವರು ನಿನ್ನ ತಲೆ ಕಾಯಲಿ.

ನಿನ್ನ ತಂಗಿ,
ಸೆರ್ವಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಹೆದರಿದ್ದೆ. ನಿನ್ನ ಹೆಸರಿನ ನಂತರವೂ ಅಜ್ಜಿ ಒಂದು ಮಾತು ಹೇಳಿದ್ದಳು. ಜ್ವರದ ಬಡಬಡಿಕೆ ಎಂದು ಅದನ್ನೂ ಕತ್ತರಿಸಿದ್ದೆ. "ಬೆಡಿಯಾಕೊ, ನೀರಿಂದ ಮೇಲೆ ಬಾ ಮಗಾ" ಎಂದಿದ್ದಳು. ಕೋಣೆಯ ವಿಷಯ ಬಿಡು, ಯಾರ ಫೋನಿನಿಂದಾದರೂ ಸರಿ, ನಿನ್ನ ದನಿ ಕಳಿಸು. ಶನಿವಾರದೊಳಗೆ ನಿನ್ನ ದನಿ ಬಂದರೆ ಅಷ್ಟು ಜನರ ಮುಂದೆ ಆ ಮಾತು ಕೇಳಿಸಲು ನನಗೆ ಧೈರ್ಯ ಬರುತ್ತದೆ. ಬರದಿದ್ದರೂ ಕೇಳಿಸುತ್ತೇನೆ.