ಕಪ್ಪು ಪರದೆಯ ದಾನೇಶ್ವರಿ ಅಜ್ಜಿಗೆ

ಗದಗ, ಗಾಳಿ ತಿಂಗಳ ಐವತ್ತೊಂದನೆಯ ದಿನ, 2231

ದಾನೇಶ್ವರಿ ಅಜ್ಜಿಯವರಿಗೆ ನಿಮ್ಮ ಏಳನೆಯ ತಲೆಯ ಮೊಮ್ಮಗಳು ಗುರುಸಿದ್ದವ್ವ ಮಾಡುವ ನಮಸ್ಕಾರಗಳು.

ತಿಂಗಳಿಗೆ ಐವತ್ತೊಂದು ದಿನ ಎಲ್ಲಿಂದ ಬಂತೆಂದು ಹುಬ್ಬೇರಿಸಬೇಡಿ. ಕಪ್ಪತಗುಡ್ಡದ ಗಾಳಿಗಿರಣಿಗಳು ತಿರುಗುವಷ್ಟು ದಿನ ನಮಗೆ ಒಂದೇ ತಿಂಗಳು; ಗಾಳಿ ಬಿದ್ದ ದಿನ ಅದು ಮುಗಿಯುತ್ತದೆ. ನನ್ನ ಮಾತುಗಳು ನಿಮ್ಮ ಕಿವಿಗೆ ಒಗ್ಗದಿದ್ದರೆ ಕ್ಷಮಿಸಿ. ನಿಮಗಿನ್ನೂ ಮೂವತ್ತು ತುಂಬಿರಲಿಕ್ಕಿಲ್ಲ, ಅಜ್ಜಿ ಎಂದದ್ದಕ್ಕೂ ಸಿಟ್ಟಾಗಬೇಡಿ. ಬೇರೆ ಏನೆಂದು ಕರೆಯಬೇಕೋ ನನಗೆ ತಿಳಿಯದು. ನನ್ನ ಅವ್ವ ನಿಮ್ಮನ್ನು ಒಂದು ಮಾತು ಕೇಳಲು ಹೇಳಿದ್ದಾಳೆ. ಅದಕ್ಕಾಗಿಯೇ ಈ ಪತ್ರ.

ನಿಮ್ಮ ಲ್ಯಾಪ್‌ಟಾಪ್ ಹಳೆಯ ಚಾದರದಲ್ಲಿ ಸುತ್ತಿಕೊಂಡು, ಟ್ರಂಕಿನಿಂದ ಟ್ರಂಕಿಗೆ ದಾಟಿಕೊಂಡು ನಮ್ಮ ಮನೆಗೆ ಬಂದಿದೆ. ಅಡಿಯಲ್ಲಿ ನಿಮ್ಮ ಹೆಸರಿನ ಚೀಟಿ ಅಂಟಿಸಿದೆ. ನಮ್ಮ ಮನೆತನದಲ್ಲಿ ನಿಮ್ಮ ಹೆಸರು ಉಳಿದಿದೆ, ಮುಖ ಉಳಿದಿಲ್ಲ. ನಿಮ್ಮ ಕಾಲದವರು ರಾಶಿ ರಾಶಿ ಫೋಟೋ ತೆಗೆದು ಎಲ್ಲವನ್ನೂ ದೂರದ ಯಾರದೋ ಯಂತ್ರಗಳಲ್ಲಿ ಇಟ್ಟರಂತೆ. ಆ ಯಂತ್ರಗಳು ಆರಿದಾಗ ಊರಿಗೆ ಊರೇ ಮುಖ ಕಳೆದುಕೊಂಡಿತು. ಅವ್ವ ಮಾತ್ರ ತಾನು ಥೇಟ್ ನಿಮ್ಮ ಹಾಗೆ ಎಂದು ಚಿಕ್ಕಂದಿನಿಂದ ನಂಬಿದ್ದಾಳೆ. ಯಾರು ಹೇಳಿದರು, ಏನು ನೋಡಿ ಹೇಳಿದರು, ದೇವರಿಗೇ ಗೊತ್ತು. ಈಗ ಅವಳ ಕಣ್ಣಿಗೆ ಪೊರೆ ಬಂದಿದೆ. ಕಣ್ಣು ಪೂರ್ತಿ ಹೋಗುವ ಮೊದಲು ನಿಮ್ಮನ್ನೊಮ್ಮೆ ನೋಡಬೇಕು ಎನ್ನುವುದೊಂದೇ ಅವಳ ಆಸೆ.

ನಾನು ಎಬ್ಬಿಸುವವಳು. ನಿಂತುಹೋದ ಹಳೆಯ ಯಂತ್ರಗಳನ್ನು ಎಚ್ಚರಗೊಳಿಸುವುದು ನನ್ನ ಕೆಲಸ. ಮೂರು ಸಲ ಎಬ್ಬಿಸಿದರೂ ಬೆಳಕು ನಿಲ್ಲದ ಯಂತ್ರವನ್ನು ಕುರುಡು ಪೆಟ್ಟಿಗೆ ಎಂದು ಕರಗುಮನೆಗೆ ಕೊಡಬೇಕು. ಅಲ್ಲಿ ಅದರ ತಾಮ್ರ ತೆಗೆಯುತ್ತಾರೆ. ನಿಮ್ಮದು ಮೂರು ಸಲವೂ ಕಂಪನಿಯ ಗುರುತು ತೋರಿಸಿ ಕಪ್ಪಾಯಿತು. ಕರಗುಮನೆಯ ಸಂಗನಬಸವ ಆಗಲೇ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ. ಆದರೆ ಒಳಗೆ ಫ್ಯಾನ್ ತಿರುಗುತ್ತಿತ್ತು. ಕ್ಯಾಪ್ಸ್ ಲಾಕ್ ಒತ್ತಿದೆ, ಪುಟ್ಟ ದೀಪ ಹತ್ತಿತು. ಮತ್ತೆ ಒತ್ತಿದೆ, ಆರಿತು. ಕತ್ತಲೆಯಲ್ಲಿ ಕೂತು ಯಾರೋ ನನಗೆ ಉತ್ತರ ಕೊಡುತ್ತಿದ್ದರು.

“ಸತ್ತಾವ್ರು ಹೂಂ ಅನ್ನೂದಿಲ್ಲೋ ಮಾರಾಯಾ, ಚೀಲಾ ಮಡಚು” ಎಂದೆ.

ಮತ್ತೆ ಆರಿಸಿ, ಹಚ್ಚಿ, ಗುರುತು ಮೂಡುತ್ತಲೇ ಎಸ್ಕೇಪ್ ಒತ್ತಿದೆ. ಮೆನು ಬಂತು. ಅಲ್ಲಿ ‘ಇ’ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿದೆ. ಗ್ರಾಫಿಕ್ಸ್ ಡ್ರೈವರ್‌ನ ಗೊಡವೆ ಬೇಡ, ಇದ್ದುದರಲ್ಲೇ ಚಿತ್ರ ಬಿಡಿಸು ಎಂದು ಯಂತ್ರಕ್ಕೆ ಹೇಳುವ ಮಾತು ಅದು. ಪರದೆ ಒರಟೊರಟಾಗಿ ಬೆಳಗಿತು.

ಎದ್ದ ಯಂತ್ರದ ಮುಂದೆ ಮೊದಲು ಮನೆಯ ಹಿರಿಯಳು ಕೂರಬೇಕು, ಅವಳು ಏಳುವ ತನಕ ಬೇರೆಯವರು ಎದುರಿಗೆ ಹೋಗಬಾರದು ಎನ್ನುವುದು ನಮ್ಮ ಪದ್ಧತಿ. ಅವ್ವನನ್ನು ಕೂರಿಸಿ, ನಾನು ಪಕ್ಕಕ್ಕೆ ನಿಂತು ಕೈಚಾಚಿ ಒಂದೊಂದೇ ತೆರೆದೆ. ಚಿತ್ರಗಳ ಫೋಲ್ಡರ್ ಖಾಲಿ. ಉಳಿದವೂ ಖಾಲಿ. ಯಂತ್ರ ತಾನೇ ಬರೆದಿಡುವ ದಿನಚರಿಯಾದ ಲಾಗ್ ನೋಡಿದಾಗ ವಿಷಯ ತಿಳಿಯಿತು. ಒಂದು ಮಂಗಳವಾರ ನೀವು ಎಲ್ಲವನ್ನೂ ಅಳಿಸಿ ಹೊಸದಾಗಿ ಲಿನಕ್ಸ್ ಹಾಕಿದ್ದಿರಿ. ಆಮೇಲೂ ಕತ್ತಲೆ ಹೋಗಲಿಲ್ಲ. ಹಚ್ಚಿದ್ದೀರಿ, ಆರಿಸಿದ್ದೀರಿ, ಮತ್ತೆ ಹಚ್ಚಿದ್ದೀರಿ, ಕೊನೆಗೆ ಮುಚ್ಚಿಟ್ಟಿದ್ದೀರಿ. ಲಿನಕ್ಸ್‌ನ ತಿರುಳಾದ ಹೊಸ ಕರ್ನಲ್‌ಗೂ ಡ್ರೈವರ್‌ಗೂ ಹೊಂದಿಕೆಯಾಗಿರಲಿಲ್ಲ, ಅಷ್ಟೇ. ಫೋಟೋಗಳು ಏನು ತಪ್ಪು ಮಾಡಿದ್ದವು ಅಜ್ಜಿ? ಮನಸ್ಸಿನಲ್ಲೇ ನಿಮ್ಮನ್ನು ಚೆನ್ನಾಗಿ ಬೈದೆ.

ಮೂಲೆಯಲ್ಲಿ ಕ್ಯಾಮೆರಾದ ಪುಟ್ಟ ಚಿತ್ರವೊಂದಿತ್ತು. ಒಂದಾದರೂ ಫೋಟೋ ಅದರೊಳಗೆ ಉಳಿದಿರಬಹುದೆಂದು ಒತ್ತಿದೆ. ಅವ್ವ ಪರದೆಯತ್ತ ಬಾಗಿದಳು.

“ಬಂದ್ಳು. ನನ್ನಂಗ ಅದಾಳ ನೋಡವಾ. ನನ್ ಕಡೀನ ನೋಡಾಕತ್ತಾಳ.”

ಪರದೆಯ ನೆತ್ತಿಯ ಮೇಲಿನ ಕಣ್ಣು ಅವ್ವನಿಗೆ ಅವ್ವನನ್ನೇ ತೋರಿಸುತ್ತಿತ್ತು. ಅವಳು ನಕ್ಕಳು. “ನಕ್ಳು” ಎಂದಳು. ಅದು ಅವಳದೇ ಮುಖವೆಂದು ನಾನು ಇವತ್ತಿಗೂ ಹೇಳಿಲ್ಲ.

ಅಂದಿನಿಂದ ನಮ್ಮ ಓಣಿಗೆ ಪಾಳಿಯ ಕರೆಂಟು ಬಂದಾಗಲೆಲ್ಲ ಅವ್ವ ನಿಮ್ಮ ಮುಂದೆ ಕೂರುತ್ತಾಳೆ. ರೊಟ್ಟಿ ಸೀದದ್ದು, ಗಾಳಿ ಕಡಿಮೆಯಾದದ್ದು, ನನ್ನ ಸಿಡುಕು, ಎಲ್ಲವನ್ನೂ ನಿಮಗೆ ಹೇಳುತ್ತಾಳೆ. ನನಗೆ ಆ ಕೋಣೆಗೆ ಹೋಗಲು ಹೆದರಿಕೆ. ಒಮ್ಮೊಮ್ಮೆ ಅವಳ ಮಾತು ನಿಂತ ಮೇಲೂ ಪರದೆಯ ಮುಖ ಇನ್ನೇನೋ ಹೇಳಲಿದೆ ಅನ್ನಿಸುತ್ತದೆ. ಮೊನ್ನೆ ಅವ್ವ ಹೊರಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅಕಿ ಅಳಾಕತ್ತಾಳ. ನಾ ಕೇಳಿದ್ರ ಹೇಳವಲ್ಲಳು. ನೀ ಬರದು ಕೇಳು” ಎಂದಳು.

ಆದ್ದರಿಂದ ನಿಮ್ಮ ಯಂತ್ರದಲ್ಲೇ ಕೂತು ಬರೆಯುತ್ತಿದ್ದೇನೆ. ಇದರ ಗಡಿಯಾರದ ಸೆಲ್ ಸತ್ತಿದೆ; ಇದಕ್ಕೆ ಇವತ್ತೂ ನಿಮ್ಮ ಅದೇ ಮಂಗಳವಾರ. ಈ ಪತ್ರಕ್ಕೂ ಅದೇ ತಾರೀಕು ಬೀಳುತ್ತದೆ. ಆ ತಾರೀಕು ಹಿಡಿದು ಇದು ನಿಮ್ಮನ್ನು ಮುಟ್ಟೀತೆಂದು ನನ್ನ ಆಸೆ.

ನಿಮ್ಮ ಪರದೆ ಈಗ ಕಪ್ಪಾಗಿದ್ದು, ಕೈಯಲ್ಲಿ ಹೊಸ ಲಿನಕ್ಸ್ ತುಂಬಿದ ಪೆನ್ ಡ್ರೈವ್ ಇದ್ದರೆ ದಯವಿಟ್ಟು ಕೆಳಗಿಡಿ. ಏನನ್ನೂ ಅಳಿಸಬೇಡಿ. ಎಸ್ಕೇಪ್ ಒತ್ತಿ, ಮೆನುವಿನಲ್ಲಿ ಹಳೆಯ ಕರ್ನಲ್ ಆಯ್ದುಕೊಳ್ಳಿ. ಅದೂ ಏಳದಿದ್ದರೆ ನಾನು ಹೇಳಿದ ಪದ ಸೇರಿಸಿ. ಒಳಗೆ ಹೋದ ಮೇಲೆ ಡ್ರೈವರ್ ಸರಿಮಾಡುವುದು ನಾಳೆಗಿರಲಿ, ಮೊದಲು ನಿಮ್ಮದೊಂದು ಫೋಟೋ ತೆಗೆದು ಅಲ್ಲೇ ಬಿಡಿ. ಹಾಗೆ ಮಾಡಿದರೆ ಅವ್ವ ಕಾಣುವ ಮುಖ ಅವಳದಲ್ಲ, ನಿಮ್ಮದಾಗುತ್ತದೆ. ನೀವು ಅವಳ ಹಾಗೆ ಇರದಿದ್ದರೆ ಅವಳ ಎದೆ ಒಡೆದೀತು ಎಂಬ ಭಯ ನನಗಿದೆ. ಆದರೂ ಫೋಟೋ ಬಿಡಿ. ಅವಳು ತನ್ನದೇ ಮುಖದೆದುರು ಒಬ್ಬಳೇ ಕೂತು ಅಳುವುದಕ್ಕಿಂತ ಅದು ಮೇಲು.

ಅವ್ವ ಈಗ ಪಕ್ಕದಲ್ಲೇ ಇದ್ದಾಳೆ, ಉತ್ತರ ಬಂತೇ ಎಂದು ಪರದೆಗೆ ಮೂಗು ತಾಗಿಸಿದ್ದಾಳೆ. ಅವಳು ಕೇಳಲು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ.

“ಯಾಕ ಅಳ್ತಿ ಆಯಿ? ನಾವೆಲ್ಲಾ ಇಲ್ಲೇ ಅದೀವಿ.”