ಹದಿನೈದನೇ ನೆಗೆಟಿವ್

ಕಂಬದೂರು
17-1-2006, ಮಂಗಳವಾರ

ಗೆಳತಿ ಅಮೃತಾ,

ಬದುಕಿರುವ ನಮ್ಮಪ್ಪನನ್ನು ನೀನು ಕ್ಯಾಲೆಂಡರಿನಲ್ಲಿ ಸಾಯಿಸಿದ್ದೀಯ.

ನಿನ್ನ ಹೊಸವರ್ಷದ ಕಾರ್ಡಿಗೆ ಉತ್ತರ ತಡವಾಯಿತು. ಮೊದಲು ಹಬ್ಬದ ಕೆಲಸ, ಆಮೇಲೆ ಕೋಪ. ಕೋಪ ಇಳಿದ ಮೇಲೆ ಬರೆಯೋಣವೆಂದಿದ್ದೆ, ಇಳಿಯಲಿಲ್ಲ.

ಸಂಕ್ರಾಂತಿಗೆ ಊರಿಗೆ ಬರುವಾಗ ಅಪ್ಪ ಕೊಡಿಕೊಂಡದಲ್ಲಿ ಲಾರಿ ನಿಲ್ಲಿಸಿ ಡಾಬಾಕ್ಕೆ ಹೋಗಿದ್ದಾನೆ. ಗೋಡೆಯಲ್ಲಿ ನಿಮ್ಮ ಸಂಸ್ಥೆಯ ಕ್ಯಾಲೆಂಡರು. ಜನವರಿ ಪುಟಕ್ಕೆ ನಮ್ಮವ್ವನ ಫೋಟೋ. ಕೆಳಗೆ ತೆಲುಗಿನಲ್ಲಿ ದಪ್ಪ ಅಕ್ಷರ: 'ಗಂಡನನ್ನು ಕಳೆದುಕೊಂಡ ಗಂಗಕ್ಕ, ಮಕ್ಕಳಿಗಾಗಿ ಶುದ್ಧ ನೀರು ಕೇಳುತ್ತಿದ್ದಾಳೆ.' ಜೊತೆಯ ಡ್ರೈವರುಗಳು ಬಿಡುತ್ತಾರೆಯೇ? "ಏಮನ್ನಾ, ಸಚ್ಚಿಪೋಯಿನಾವಂಟ ಕದಾ, ಸತ್ತೋಗಿದೀಯಂತಲ್ಲ!" ಡಾಬಾದವನಿಗೆ, "ಸತ್ತೋರಿಗೆ ಬಿಲ್ ಹಾಕ್ಬ್ಯಾಡಪ್ಪಾ!"

ಮನೆಗೆ ಬಂದವನು ಹೊಸ್ತಿಲಲ್ಲೇ ನಿಂತು, "ಸತ್ತೋನು ಬಂದೀನಿ ಕಣಮ್ಮಿ, ಮುದ್ದೆ ಇಕ್ತೀಯೇನು?" ಅಂದ. ಅವ್ವ ನಕ್ಕಳು. ಅವನು ತಂದಿದ್ದ ಕ್ಯಾಲೆಂಡರಿನ ಅಡಿಬರಹ ನಾನು ಓದಿ ಹೇಳಿದ ಮೇಲೆ ನಗಲಿಲ್ಲ.

ಮಾರನೇ ದಿನ ನಮ್ಮ ಫೋಟೋ ಗುಂಪಿನ ಒಂಬತ್ತು ಹೆಂಗಸರೂ ನೀವು ಕೊಟ್ಟ ಕ್ಯಾಮೆರಾಗಳನ್ನು ಚೀಲಕ್ಕೆ ತುಂಬಿ ನನ್ನ ಮುಂದಿಟ್ಟರು. "ತಗಳಮ್ಮ. ನಮ್ ಫೋಟೋ ತಗೊಂಡೋಗಿ ಇನ್ಯಾರ್ ಗಂಡನ್ನ ಸಾಯಿಸ್ತಾರೋ" ಅಂದಳು ಬನಶಂಕರಮ್ಮ. ಈ ಬೋರ್‌ವೆಲ್ಲಿನ ಫ್ಲೋರೈಡ್ ನೀರು ಕುಡಿದು ಅವಳ ಮೊಮ್ಮಗಳ ಕಾಲು ಸೊಟ್ಟಗಾಗುತ್ತಿದೆ. ಆ ಮಗುವಿನ ಫೋಟೋ ತೆಗೆದವಳೂ ಅವಳೇ. ನಮಗೆ ಫಿಲ್ಟರ್ ಬೇಕು. ನಿಜ ಹೇಳಿದ್ದರೆ ಅದು ಬರುತ್ತಿರಲಿಲ್ಲವೇ?

ಕ್ಯಾಮೆರಾ ಬಡವರ ಕೈಗೆ ಬಂದರೆ ಮಾತೂ ಅವರದಾಗುತ್ತದೆ ಎಂಬ ಕರಪತ್ರ ಕೊಟ್ಟವಳು ನೀನು. ಮೂಲೆ ಹರಿಯುವವರೆಗೆ ಓದಿದ್ದೇನೆ. ಮೇಲಿನವರು ಬರೆಸಿದರು ಎನ್ನಬೇಡ. ಅಡಿಬರಹಗಳೆಲ್ಲ ನಿನ್ನವೇ ಎಂದು ಕಾರ್ಡಿನಲ್ಲಿ ಮೆರೆದಿದ್ದೀಯ.

ನಾನು ಅವ್ವನ ಫೋಟೋ ತೆಗೆದ ರೀಲು ನನ್ನ ಹತ್ತಿರವೇ ಇದೆ. ಹದಿನಾಲ್ಕನೇ ನೆಗೆಟಿವ್ ಅವ್ವನದು. ಹದಿನೈದನೆಯದು ನಿನ್ನದು, ಅದೇ ಮಧ್ಯಾಹ್ನ ನಮ್ಮ ಜಗಲಿಯಲ್ಲಿ ತೆಗೆದದ್ದು. ನಿನ್ನ ತಟ್ಟೆಯಲ್ಲಿ ಮುದ್ದೆ, ಪಕ್ಕದಲ್ಲಿ ಅಪ್ಪ. "ಆಫೀಸಿನೋರು ಬಡವಾಗ್ಬುಟ್ಟವ್ರೆ, ಇನ್ನೊಂದಿಕ್ಕು" ಎಂದು ಅವ್ವನಿಗೆ ಹೇಳುತ್ತಿದ್ದಾನೆ. ನೀನು ಬಾಯಿ ತುಂಬ ನಗುತ್ತಿದ್ದೀಯ.

ಕಲ್ಯಾಣದುರ್ಗದ ಸ್ಟುಡಿಯೋ ಚೆನ್ನಕೇಶವ ಅದನ್ನು ಬಾಗಿಲಗಲ ಪ್ರಿಂಟ್ ಹಾಕುತ್ತಿದ್ದಾನೆ. ಹಿಂದೂಪುರದಲ್ಲಿ ನಿಮ್ಮ ದಾನಿಗಳ ಸಭೆಯಲ್ಲಿ ಕ್ಯಾಲೆಂಡರಿನ ಜನವರಿ ಪುಟದ ಪಕ್ಕದಲ್ಲೇ ತೂಗುಹಾಕುತ್ತೇನೆ. ಅಡಿಬರಹ ಈ ಸಲ ನನ್ನದು: 'ಸತ್ತವನ ಪಕ್ಕ ಕೂತು ಉಂಡವಳು.' ಕ್ಷಮೆ ಕೇಳಿ ಕಾಗದ ಬರೆಯಬೇಡ. ಕಾಗದವನ್ನು ಯಾರೂ ಗೋಡೆಗೆ ಹಾಕುವುದಿಲ್ಲ. ಎಲ್ಲರೆದುರು ನಿಂತು ಬಾಯಿಬಿಟ್ಟು ಹೇಳು.

ನಿನ್ನಮ್ಮನಿಗೆ ನನ್ನ ನಮಸ್ಕಾರ. ಆ ತಾಯಿ ಯಾರ ಕ್ಯಾಲೆಂಡರಿಗೂ ಸಿಗದೆ ನೂರು ವರ್ಷ ಬಾಳಲಿ.

ಇಂತಿ,
ಶಿರೀಷಾ

ತಾ.ಕ.: ಹದಿನಾಲ್ಕರಲ್ಲಿ ಅವ್ವನ ಹಣೆ ಬರಿದಾಗಿದೆಯಲ್ಲ, ಅದು ನನ್ನ ಕೆಲಸ. ಕುಂಕುಮ ಬೆವರಿಗೆ ಮೂಗಿನವರೆಗೆ ಇಳಿದಿತ್ತು, ಒರೆಸಿದೆ. "ಮತ್ತೆ ಇಟ್ಕೊಂಡ್ ಬತ್ತೀನಿ ತಾಳಮ್ಮಿ" ಅಂದಳು. ಬೇಡ, ಹೀಗಿದ್ದರೇ ಕಷ್ಟ ಎದ್ದು ಕಾಣುತ್ತದೆ ಎಂದು ನಿಲ್ಲಿಸಿದೆ. ಅವ್ವ ಇದನ್ನು ಅಪ್ಪನಿಗೂ ಹೇಳಿಲ್ಲ. ಆದರೆ ಹಬ್ಬದಿಂದ ಈಚೆಗೆ ನಾನು ಹತ್ತಿರ ಹೋದರೆ ಸೆರಗನ್ನು ಹಣೆಯ ಮೇಲಕ್ಕೆ ಎಳೆದುಕೊಳ್ಳುತ್ತಾಳೆ. ಸಭೆಯಲ್ಲಿ ನೀನು ಹೇಳಿ ಮುಗಿಸಿದ ಮೇಲೆ ನಾನು ಹೇಳುತ್ತೇನೆ. ಅವ್ವನನ್ನೂ ಕರೆತರುತ್ತಿದ್ದೇನೆ. ಹಿಂದೂಪುರ ಬಸ್ ಸ್ಟ್ಯಾಂಡಿಗೆ ಬಾ: ಸಭೆಯ ದಿನ, ಇದೇ ಭಾನುವಾರ, ಇಪ್ಪತ್ತೆರಡನೇ ತಾರೀಖು, ಬೆಳಿಗ್ಗೆ ಹತ್ತೂವರೆಗೆ.